ಒಂದು ಪ್ರಶ್ನೆ, ತಪ್ಪಿದ ಕಾಲೇಜು

ಅಮೆರಿಕದಲ್ಲಿ ಕಾಲೇಜು ಸೇರಲು ಕೈಯಲ್ಲಿ ಹಣ ಸಾಲದವರು ಸರ್ಕಾರದ ನೆರವಿಗಾಗಿ ಪ್ರತಿ ವರ್ಷವೂ ಒಂದು ಅರ್ಜಿ ತುಂಬಬೇಕು. ತಂದೆ–ತಾಯಿಯ ಆದಾಯವೆಷ್ಟು, ಉಳಿತಾಯವೆಷ್ಟು, ಮನೆಯಲ್ಲಿ ಎಷ್ಟು ಜನ ಎಂಬಂಥ ಪ್ರಶ್ನೆಗಳೇ ಅದರ ತುಂಬ. 2000-01ರ ಅರ್ಜಿಯಲ್ಲಿ ಬೇರೆಯೇ ಬಗೆಯ ಪ್ರಶ್ನೆಯೊಂದು ಸೇರಿಕೊಂಡಿತು: ಮಾದಕ ವಸ್ತುವಿನ ಪ್ರಕರಣದಲ್ಲಿ ನಿಮಗೆ ಶಿಕ್ಷೆಯಾಗಿದೆಯೇ?

ಇದು 1998ರಲ್ಲಿ ಉನ್ನತ ಶಿಕ್ಷಣ ಕಾಯ್ದೆಗೆ ಆದ ತಿದ್ದುಪಡಿಯ ಫಲ. ಇಂಡಿಯಾನಾದ ಸಂಸದ ಮಾರ್ಕ್ ಸೌಡರ್ ಇದರ ಕರ್ತೃ. ಮಾದಕ ವಸ್ತು ಇಟ್ಟುಕೊಂಡು ಮೊದಲ ಬಾರಿ ಸಿಕ್ಕಿಬಿದ್ದು ಶಿಕ್ಷೆಯಾದರೆ ಒಂದು ವರ್ಷ, ಎರಡನೇ ಬಾರಿಗೆ ಎರಡು ವರ್ಷ ನೆರವಿಲ್ಲ. ಮೂರನೇ ಬಾರಿಗೆ ಅನಿರ್ದಿಷ್ಟ ಕಾಲ. ಮಾರಾಟವಾದರೆ ಮೊದಲ ಬಾರಿಗೇ ಎರಡು ವರ್ಷ. ವ್ಯಸನಮುಕ್ತಿ ಶಿಬಿರ ಮುಗಿಸಿ, ಮುನ್ಸೂಚನೆಯಿಲ್ಲದೆ ನಡೆಯುವ ಎರಡು ಪರೀಕ್ಷೆಗಳಲ್ಲಿ ಪಾರಾದರೆ ಮಾತ್ರ ಅವಧಿಗೆ ಮುಂಚೆ ನೆರವು ಮರಳುತ್ತಿತ್ತು.

ತೆರಿಗೆದಾರರ ಹಣದಲ್ಲಿ ಓದುವವರು ಕಾನೂನು ಪಾಲಿಸಬೇಡವೇ ಎಂಬುದು ಬೆಂಬಲಿಗರ ವಾದ. ಮಾತು ಸರಿಯೆನಿಸಬಹುದು. ಆದರೆ ಕೋರ್ಟು ಕೊಟ್ಟ ಶಿಕ್ಷೆ ಅನುಭವಿಸಿದವರಿಗೆ ಇದು ಗಾಯದ ಮೇಲೆ ಬರೆ. ದರೋಡೆಯಲ್ಲೋ ಕೊಲೆಯಲ್ಲೋ ಶಿಕ್ಷೆ ಮುಗಿಸಿ ಬಂದವರಿಗೆ ಅರ್ಜಿಯಲ್ಲಿ ಇಂಥ ಪ್ರಶ್ನೆಯೇ ಇರಲಿಲ್ಲ! ಅದೇ ತಪ್ಪು ಮಾಡಿದ ಶ್ರೀಮಂತರ ಮಗ ಅಪ್ಪನ ಹಣದಲ್ಲಿ ಫೀಸು ಕಟ್ಟುತ್ತಿದ್ದ. ಅವನು ಅರ್ಜಿಯನ್ನೇ ತುಂಬಬೇಕಿರಲಿಲ್ಲ. ಏಟು ಬಿದ್ದದ್ದು ಬಡವರ ಮಕ್ಕಳಿಗೆ.

ಬಡ ವಿದ್ಯಾರ್ಥಿಗಳಿಗೆಂದೇ ಇರುವ, ಮರಳಿಸಬೇಕಿಲ್ಲದ ‘ಪೆಲ್’ ಅನುದಾನವೊಂದನ್ನೇ ವರ್ಷಕ್ಕೆ 17,000ದಿಂದ 20,000 ಅರ್ಜಿದಾರರು ಈ ನಿಯಮದಿಂದ ಕಳೆದುಕೊಂಡಿರಬಹುದೆಂದು ಸರ್ಕಾರದ್ದೇ ಲೆಕ್ಕಪರಿಶೋಧನಾ ಸಂಸ್ಥೆ 2005ರಲ್ಲಿ ಅಂದಾಜು ಮಾಡಿತು. ಇದರಿಂದ ಯುವಜನರ ಮಾದಕ ವ್ಯಸನ ತಗ್ಗಿತೆಂಬುದಕ್ಕೆ ಖಚಿತ ಪುರಾವೆ ಅದಕ್ಕೆ ಸಿಗಲಿಲ್ಲ.

ತಾನು ಉದ್ದೇಶಿಸಿದ್ದು ನೆರವು ಪಡೆಯುತ್ತಿರುವಾಗಲೇ ತಪ್ಪು ಮಾಡಿದವರನ್ನು ಮಾತ್ರ ಎಂದು ಸೌಡರ್ ಅವರೇ ಹೇಳಿದ್ದರು. 2006ರಲ್ಲಿ ಕಾನೂನನ್ನು ಅಷ್ಟಕ್ಕೇ ಸೀಮಿತಗೊಳಿಸಲಾಯಿತು. 2020ರ ಡಿಸೆಂಬರಿನಲ್ಲಿ ಸಂಸತ್ತು ನಿರ್ಬಂಧವನ್ನೇ ಕೈಬಿಟ್ಟಿತು. 2023-24ರ ಅರ್ಜಿಯಲ್ಲಿ ಆ ಪ್ರಶ್ನೆ ಇರಲಿಲ್ಲ.

ಇಲ್ಲಿಂದ ವಿದ್ಯಾರ್ಥಿ ವೀಸಾದ ಮೇಲೆ ಹೋಗುವವರಿಗೆ ಈ ನೆರವು ಸಿಗುವುದಿಲ್ಲ. ಹಾಗೆಂದು ಮೈಮರೆಯುವಂತಿಲ್ಲ: ಮಾದಕ ವಸ್ತುವಿನ ಪ್ರಕರಣದಲ್ಲಿ ಶಿಕ್ಷೆಯಾದರೆ ಅವರ ವೀಸಾಕ್ಕೇ ಕುತ್ತು ಬರಬಹುದು.

ತಪ್ಪಿಗೆ ಶಿಕ್ಷೆ ಬೇಕು, ನಿಜ. ಆದರೆ ತಪ್ಪು ಮಾಡಿದ ಹುಡುಗನನ್ನು ದಾರಿಗೆ ತರಬಲ್ಲ ಓದನ್ನೇ ಕಿತ್ತುಕೊಂಡರೆ ಅವನು ಹೋಗುವುದೆಲ್ಲಿಗೆ? ಕಾನೂನನ್ನೇನೋ ಹಿಂದಕ್ಕೆ ಪಡೆಯಬಹುದು. ಓದಬೇಕಿದ್ದ ವಯಸ್ಸು ಹಿಂದಕ್ಕೆ ಬಾರದು.