ಹೆರಿಗೆ ಯಾವ ಬಗೆಯದಾದರೂ ಬಾಣಂತಿಗೆ ಆರೈಕೆ ಬೇಕು

ಬೇತಮಂಗಲದ ಸುತ್ತಿನ ಹಳ್ಳಿಗಳಲ್ಲಿ ಸೊಸೆ ಹೆತ್ತಳೆಂಬ ಸುದ್ದಿ ಬಂದೊಡನೆ ಕೇಳಿಬರುವ ಪ್ರಶ್ನೆ, "ನಾರ್ಮಲ್ಲೋ, ಆಪರೇಷನ್ನೋ?" ಎಂಬುದು. ತಾಯಿ ಹೇಗಿದ್ದಾಳೆಂಬ ಮಾತು ಆಮೇಲಿನದು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 2015-16ರಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ ಸುಮಾರು 24 ಶಸ್ತ್ರಕ್ರಿಯೆಯಿಂದ ಆಗಿದ್ದವು. 2019-21ರ ವೇಳೆಗೆ ಅವು 31ನ್ನು ಮೀರಿದವು. ಆದುದರಿಂದ ಎರಡೂ ಬಗೆಯ ಬಾಣಂತಿಯರ ಕಷ್ಟವನ್ನು ಅರಿಯುವುದು ಪ್ರತಿಯೊಂದು ಮನೆಯ ಕರ್ತವ್ಯ.

ಸಹಜ ಹೆರಿಗೆಯಾದವಳು ಸಾಮಾನ್ಯವಾಗಿ ಬೇಗ ಎದ್ದು ನಡೆದಾಡುವಳು. ಆದರೆ ಕೆಮ್ಮಿದಾಗ ಮೂತ್ರ ಸೋರುವುದು, ಗರ್ಭಕೋಶ ಜಾರುವುದು ಇಂಥವರಲ್ಲೇ ಹೆಚ್ಚು. ನಾಚಿಕೆಯಿಂದ ಅನೇಕರು ಹೇಳಿಕೊಳ್ಳುವುದಿಲ್ಲ. ಶಸ್ತ್ರಕ್ರಿಯೆಯಾದವಳು ಚೇತರಿಸಿಕೊಳ್ಳಲು ಆರು ವಾರಗಳಾದರೂ ಬೇಕು. ಅಲ್ಲಿಯವರೆಗೆ ನೀರಿನ ಬಿಂದಿಗೆ, ಮೇವಿನ ಹೊರೆ ಎತ್ತಬಾರದು. ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯಕ್ಕೆ ಅಂಟಿಕೊಳ್ಳುವ ಅಪಾಯವೂ ಉಂಟು. ಹಾಗೆಂದು, ಪ್ರಾಣ ಉಳಿಸಲು ಅಗತ್ಯವಾದ ಶಸ್ತ್ರಕ್ರಿಯೆಯನ್ನು ತಡೆಯುವುದು ತಪ್ಪು. ಅದಾದವಳನ್ನು "ಹೆರಲಾರದವಳು" ಎಂದು ಹಂಗಿಸುವುದು ಇನ್ನೂ ದೊಡ್ಡ ತಪ್ಪು.

ಬಸವಾದಿ ಶರಣರು ಜನನಸೂತಕವನ್ನು ಒಪ್ಪಲಿಲ್ಲ. ಹೀಗಿರುವಾಗ ಬಾಣಂತಿಯನ್ನು ಕತ್ತಲ ಕೋಣೆಯಲ್ಲಿ ದೂರವಿಟ್ಟು, ಪಥ್ಯದ ಹೆಸರಿನಲ್ಲಿ ನೀರು, ಸೊಪ್ಪು, ಹಣ್ಣುಗಳನ್ನು ತಪ್ಪಿಸುವುದು ಸರಿಯೆ? ಬೇಳೆ, ಸೊಪ್ಪು, ಹಾಲು, ಬಾಯಾರಿದಷ್ಟೂ ನೀರು ಕೊಡಿರಿ. ರಾತ್ರಿ ಮಗು ಅತ್ತಾಗ ಪತಿಯೂ ಎದ್ದು ಎತ್ತಿಕೊಳ್ಳಲಿ. ಜ್ವರ, ಅತಿ ರಕ್ತಸ್ರಾವ, ಗಾಯದಲ್ಲಿ ಕೀವು, ಎರಡು ವಾರ ಕಳೆದರೂ ಬಿಡದ ದುಃಖ ಇವು ಕಂಡರೆ, ಹೆರಿಗೆ ಯಾವ ಬಗೆಯದಾದರೂ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.