ವ್ಯಾನಿನ ಛಾವಣಿಯಲ್ಲಿ ಸೌರವಿದ್ಯುತ್ತು: ಬೇಕಾದದ್ದೆಷ್ಟು, ಬೆಲೆಯೆಷ್ಟು?

ರಜೆ ದೊರೆತೊಡನೆ ಮಂತ್ರಾಲಯ, ಹಂಪಿ, ಬಸವಕಲ್ಯಾಣಗಳತ್ತ ಹೊರಡುವುದು ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಹೊಸತೇನಲ್ಲ. ನಮ್ಮ ಮನೆಯಲ್ಲಿ ಇದಕ್ಕೊಂದು ತೊಡಕಿತ್ತು. ತಾಯಿಯವರಿಗೆ ಎಪ್ಪತ್ತೆಂಟು ವರ್ಷ. ದಿನಕ್ಕೆರಡು ಬಾರಿ ಇನ್ಸುಲಿನ್ ಬೇಕು, ಹೊರಗಿನ ಛತ್ರಗಳಲ್ಲಿ ನಿದ್ರೆ ಬಾರದು. ಹೀಗಾಗಿ ನಾವೂ ಮಗನೂ ಸೇರಿ ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು, ಆಸನಗಳನ್ನು ತೆಗೆಸಿ, ಮೂರು ಜನ ಮಲಗುವ ಮನೆಯನ್ನಾಗಿ ಮಾಡಿಕೊಂಡೆವು. ಮರಗೆಲಸ ಸುಲಭವಾಗಿಯೇ ಮುಗಿಯಿತು. ನಾವು ಎಡವಿದ್ದು ವಿದ್ಯುತ್ತಿನಲ್ಲಿ.

ಮೊದಲ ಸಲ ಅಂಗಡಿಯವರೊಬ್ಬರು ಹೇಳಿದ್ದನ್ನೆಲ್ಲ ತಲೆದೂಗಿ ಕೊಂಡುತಂದೆವು: 165 ವಾಟ್‌ನ ಒಂದು ಸೌರಫಲಕ, 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿ, ಮನೆಗೆ ಬಳಸುವಂಥ ಇನ್ವರ್ಟರ್, ಮನೆಯದೇ ಮಾದರಿಯ ಚಿಕ್ಕ ಫ್ರಿಜ್. ಮೇ ತಿಂಗಳಲ್ಲಿ ಹಂಪಿಗೆ ಹೋದಾಗ ಎರಡನೆಯ ರಾತ್ರಿಯೇ ಎಲ್ಲವೂ ನಿಂತುಹೋಯಿತು. ಬೆಳಗ್ಗೆ ಫ್ರಿಜ್ಜಿನ ಬಾಗಿಲು ತೆರೆದರೆ ಒಳಗೂ ಹೊರಗೂ ಒಂದೇ ಸೆಕೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಎಷ್ಟು ಹೊತ್ತು ಬೆಚ್ಚಗಿತ್ತೋ ತಿಳಿಯದ್ದರಿಂದ ಅದನ್ನು ಎಸೆದು, ಹೊಸಪೇಟೆಯ ಔಷಧಿ ಅಂಗಡಿಗಳನ್ನು ಅಲೆದೆವು.

ಊರಿಗೆ ಮರಳಿದ ಮೇಲೆ, ಬ್ಯಾಂಕಿನವರು ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆವು: ಜಮಾ-ಖರ್ಚು ಬರೆದೆವು. ಆ ಫ್ರಿಜ್ ದಿನಕ್ಕೆ ಸುಮಾರು 1,000 ವಾಟ್-ಗಂಟೆ ಬೇಡುತ್ತಿತ್ತು. ಇನ್ವರ್ಟರ್ ಸುಮ್ಮನೆ ಚಾಲೂ ಇದ್ದರೂ 15 ವಾಟ್ ತಿನ್ನುತ್ತಿತ್ತು. ಇಡೀ ದಿನಕ್ಕೆ ಅದೇ 360. ಜಮೆಯ ಕಡೆ ನೋಡಿದರೆ, ಹೈದರಾಬಾದಿನ ಆಸುಪಾಸಿನಲ್ಲಿ ಫಲಕಕ್ಕೆ ದಿನಕ್ಕೆ ಸರಾಸರಿ ಐದು ಗಂಟೆಗಳ ಪೂರ್ಣ ಬಿಸಿಲು ಎಂದು ಲೆಕ್ಕ ಹಿಡಿಯಬಹುದು. ಆದರೆ ಹಣೆಪಟ್ಟಿಯ 165 ವಾಟ್ 25 ಡಿಗ್ರಿ ಶಾಖದಲ್ಲಿ ಅಳೆದದ್ದು. ಬೇಸಗೆಯಲ್ಲಿ ಛಾವಣಿಯ ಫಲಕ 65 ಡಿಗ್ರಿಗೆ ಕಾಯುವುದುಂಟು. ಪ್ರತಿ ಡಿಗ್ರಿಗೆ ಶೇಕಡಾ 0.4ರಂತೆ ಶೇ. 16 ಅಲ್ಲಿಯೇ ಸೋರಿಹೋಗುತ್ತದೆ. ಧೂಳು, ತಂತಿ, ಸಮತಟ್ಟಾಗಿ ಮಲಗಿಸಿದ್ದು ಎಲ್ಲ ಸೇರಿ ನೂರಕ್ಕೆ ಎಪ್ಪತ್ತು ಕೈಗೆ ಬಂದರೆ ಪುಣ್ಯ. ಅಂದರೆ 165 × 5 × 0.7, ಸುಮಾರು 578 ವಾಟ್-ಗಂಟೆ. ಜಮೆ 578, ಖರ್ಚು 1,360. ಇಂಥ ಖಾತೆಗೆ ನಾವು ಯಾವ ಗ್ರಾಹಕನಿಗೂ ಸಾಲ ಕೊಡುತ್ತಿರಲಿಲ್ಲ!

ಕರ್ನಾಟಕದಲ್ಲಿ ಈ ಪಾಠ ಬಹಳ ಹಿಂದೆಯೇ ಕಲಿತದ್ದು. 1995ರಲ್ಲಿ ಹರೀಶ್ ಹಂದೆಯವರು ಸಹಸ್ಥಾಪಕರಾಗಿ ಆರಂಭವಾದ ಸೆಲ್ಕೊ ಸಂಸ್ಥೆ, ಮನೆಗೆ ಎಷ್ಟು ದೀಪ, ಎಷ್ಟು ಹೊತ್ತು, ಯಾವ ಕೆಲಸಕ್ಕೆ ಎಂದು ಕೇಳಿ ತಿಳಿದು ಉಪಕರಣ ಹೊಂದಿಸುತ್ತ ಬಂದಿತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನೊಡನೆ ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು (2020ರಲ್ಲಿ ಇವೆರಡೂ ಒಂದಾದವು) ಹಳ್ಳಿಮನೆಗಳ ಸೌರದೀಪಗಳಿಗೆ ಅಗ್ಗದ ಸಾಲ ಕೊಡಲು ತೊಡಗಿದವು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಬ್ಯಾಂಕಿನವರಾದ ನಮಗೆ ಇದೆಲ್ಲ ತಿಳಿದಿತ್ತು; ಸ್ವಂತ ವ್ಯಾನಿನ ಹೊತ್ತಿಗೆ ಮಾತ್ರ ನೆನಪಿಗೆ ಬರಲಿಲ್ಲ.

ಎರಡನೆಯ ಸಲ ಖರ್ಚಿನ ಕಡೆಯಿಂದ ಆರಂಭಿಸಿದೆವು. ಇನ್ವರ್ಟರನ್ನೇ ಕೈಬಿಟ್ಟು ಎಲ್ಲವನ್ನೂ 12 ವೋಲ್ಟಿನ ನೇರ ವಿದ್ಯುತ್ತಿಗೆ ಬದಲಾಯಿಸಿದೆವು. 12 ವೋಲ್ಟಿನ ಪುಟ್ಟ ಕಂಪ್ರೆಸರ್ ಫ್ರಿಜ್ 45 ವಾಟ್. ಬೇಸಗೆಯಲ್ಲಿ ದಿನದ ಅರ್ಧ ಹೊತ್ತು ಓಡುತ್ತದೆಂದರೆ 540. ಫ್ಯಾನು 20 ವಾಟ್, ಎಂಟು ಗಂಟೆಗೆ 160. ಎಲ್‌ಇಡಿ ದೀಪಗಳಿಗೆ 40, ಮೊಬೈಲುಗಳಿಗೆ 50. ಒಟ್ಟು 790. ಇದಕ್ಕೆ 226 ವಾಟ್ ಫಲಕ ಸಾಕು. ಮೋಡಕ್ಕೂ ಅವಕಾಶವಿಟ್ಟು, ಇದ್ದ ಫಲಕದ ಪಕ್ಕಕ್ಕೆ ಅಂಥದೇ ಇನ್ನೊಂದನ್ನು ಸೇರಿಸಿದೆವು. ಬೆಲೆ ಸುಮಾರು ಆರು ಸಾವಿರ ರೂಪಾಯಿ. ಛಾವಣಿಗೂ ಫಲಕಕ್ಕೂ ನಡುವೆ ಗಾಳಿಯಾಡಲು ನಾಲ್ಕು ಬೆರಳು ಅಂತರ ಬಿಡಿಸಿದ್ದೇವೆ.

ಬ್ಯಾಟರಿಯ ವಿಷಯದಲ್ಲಿ ಓದುಗರು ಸ್ವಲ್ಪ ತಾಳ್ಮೆ ವಹಿಸಬೇಕು. ಟ್ಯೂಬುಲರ್ ಬ್ಯಾಟರಿಯಲ್ಲಿ ತುಂಬಿದ್ದರ ಅರ್ಧವನ್ನಷ್ಟೇ ಬಳಸುವುದು ಕ್ಷೇಮ. ಹಾಗಾಗಿ 150 ಆಂಪಿಯರ್-ಗಂಟೆ ಎಂದರೆ ಕೈಗೆ ಸಿಗುವುದು 900 ವಾಟ್-ಗಂಟೆ. 100 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಸುಮಾರು 1,000 ದೊರೆಯುತ್ತದೆ. ಮೊದಲಿನದಕ್ಕೆ ನಾವು ಕೊಟ್ಟದ್ದು ಹದಿನೈದು ಸಾವಿರದ ಆಸುಪಾಸು. ಎರಡನೆಯದಕ್ಕೆ ಅದರ ಇಮ್ಮಡಿ. ಲಿಥಿಯಂ ಸಾವಿರಾರು ಬಾರಿ ತುಂಬಿ ಬರಿದಾಗಬಲ್ಲದು, ಆದ್ದರಿಂದ ಕೊನೆಗೆ ಅಗ್ಗ ಎಂದು ಮಾರುವವರು ಹೇಳುತ್ತಾರೆ. ದಿನವೂ ಬಳಸುವವರಿಗೆ ಅದು ಸರಿ. ವರ್ಷಕ್ಕೆ ನಲವತ್ತು ದಿನ ತಿರುಗುವ ನಮ್ಮಂಥವರಿಗೆ ಹತ್ತು ವರ್ಷಕ್ಕೆ ನಾನೂರು ಬಾರಿ ಮಾತ್ರ ಆಯಿತು. ಆ ಲೆಕ್ಕ ನಮಗೆ ಅನ್ವಯಿಸದು. ಬರೀ ಹಣ ನೋಡಿದರೆ ಟ್ಯೂಬುಲರೇ ಮೇಲು. ಆದರೆ ಅದರ ತೂಕ ಐವತ್ತು ಕಿಲೋಗೂ ಹೆಚ್ಚು, ಆಗಾಗ ನೀರೆರೆಯಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಚಾರ್ಜಾಗುವಾಗ ಅದರಿಂದ ಹೊತ್ತಿಕೊಳ್ಳಬಲ್ಲ ಹೈಡ್ರೋಜನ್ ಹೊರಡುತ್ತದೆ. ನಮ್ಮಲ್ಲಿ ಬ್ಯಾಟರಿಯ ಜಾಗ ತಾಯಿಯವರ ಹಾಸಿಗೆಯ ಕೆಳಗೇ. ಲಿಥಿಯಂ ಕೊಂಡೆವು. ವಾಹನದ ಹೊರಬದಿಗೆ ತೆರೆದುಕೊಳ್ಳುವ ಪೆಟ್ಟಿಗೆಗೆ ಅನುಕೂಲವಿದ್ದವರು ಈ ದುಬಾರಿ ಖರ್ಚಿಗೆ ಹೋಗಬೇಕಾಗಿಲ್ಲ.

ಫಲಕಕ್ಕೂ ಬ್ಯಾಟರಿಗೂ ನಡುವಣ ನಿಯಂತ್ರಕದಲ್ಲಿ ಪಿಡಬ್ಲ್ಯುಎಂ ಅಗ್ಗ, ಎಂಪಿಪಿಟಿ ದುಬಾರಿ. ಎರಡು ಫಲಕಗಳನ್ನು ಸರಣಿಯಲ್ಲಿ ಜೋಡಿಸಿ ತಂತಿಯ ನಷ್ಟ ತಗ್ಗಿಸುವ ಇಚ್ಛೆಯಿದ್ದರೆ ಎಂಪಿಪಿಟಿ ಬೇಕು. ಕೋಠಿಯ ಗುಜರಾತಿ ಗಲ್ಲಿಯಲ್ಲಿ ಎಂಪಿಪಿಟಿ ಎಂದು ಬರೆದ ಪಿಡಬ್ಲ್ಯುಎಂ ಡಬ್ಬಗಳೂ ನಮ್ಮ ಕಣ್ಣಿಗೆ ಬಿದ್ದವು. ಬೆಲೆ ಸಾವಿರ ರೂಪಾಯಿಗಿಂತ ಕೆಳಗಿದ್ದರೆ ಸಂಶಯಪಡುವುದು ಒಳ್ಳೆಯದು. ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ ಒಂದು ಫ್ಯೂಸ್ ಇರಲೇಬೇಕು. ಇದರಲ್ಲಿ ಉಳಿತಾಯ ಸಲ್ಲದು.

ಮಳೆಗಾಲಕ್ಕೆ ಇನ್ನೊಂದು ಫಲಕ ಕೊಳ್ಳುವ ಬದಲು, ಎಂಜಿನ್ನಿನ ಆಲ್ಟರ್ನೇಟರಿನಿಂದ ಈ ಬ್ಯಾಟರಿಯನ್ನು ತುಂಬಿಸುವ ಡಿಸಿ-ಡಿಸಿ ಚಾರ್ಜರ್ ಹಾಕಿಸಿದೆವು. 20 ಆಂಪಿಯರ್‌ನದಾದರೆ ಎರಡು ಗಂಟೆಯ ಪ್ರಯಾಣದಲ್ಲಿ 500 ವಾಟ್-ಗಂಟೆ ಸೇರುತ್ತದೆ.

ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನ ಸಿಕ್ಕೀತೇ ಎಂದು ಸಹೋದ್ಯೋಗಿಗಳು ಕೇಳುವುದುಂಟು. 2024ರಲ್ಲಿ ಬಂದ ಆ ಯೋಜನೆ ವಿದ್ಯುತ್ ಜಾಲಕ್ಕೆ ಜೋಡಿಸಿದ ಮನೆಯ ಛಾವಣಿಗಳಿಗೆ, ವ್ಯಾನಿಗಲ್ಲ. ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ನೋಂದಣಿಯ ವಿವರ ಬದಲಾಗುವಂಥ ಮಾರ್ಪಾಡಿಗೆ ಆರ್‌ಟಿಓ ಅನುಮತಿ ಬೇಕು. ಆಸನ ತೆಗೆಯುವ ಮೊದಲೇ ಅರ್ಜಿ ಕೊಡಿ, ವಿಮೆಯವರಿಗೂ ತಿಳಿಸಿ.

ಎರಡೇ ದಿನದ ಪ್ರವಾಸವಾಗಿದ್ದು, ಇನ್ಸುಲಿನ್ ಒಂದೇ ಚಿಂತೆಯಾಗಿದ್ದರೆ ಇದೆಲ್ಲವೂ ಬೇಡ. ಮಂಜಿನ ಗಡ್ಡೆಯಿಟ್ಟ ಶಾಖನಿರೋಧಕ ಡಬ್ಬ ಸಾಕು. ಸೀಸೆ ಮಂಜಿಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಬೇಕು, ಏಕೆಂದರೆ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಮರುವರ್ಷ ಅದೇ ಮೇ ತಿಂಗಳಲ್ಲಿ ಹಂಪಿಯಲ್ಲಿ ಮೂರು ರಾತ್ರಿ ಕಳೆದೆವು. ಫ್ರಿಜ್ಜಿನೊಳಗಿನ ಉಷ್ಣಮಾಪಕ 5 ಡಿಗ್ರಿ ದಾಟಲಿಲ್ಲ. ನೆರಳಿನಲ್ಲಿ ಗಾಡಿ ನಿಲ್ಲಿಸಿರೆಂದು ತಾಯಿ, ಬಿಸಿಲಿನಲ್ಲಿ ನಿಲ್ಲಿಸಬೇಕೆಂದು ಮಗ. ಮಧ್ಯಾಹ್ನದವರೆಗೆ ಬಿಸಿಲು, ಆಮೇಲೆ ಬೇವಿನ ಮರ ಎಂದು ರಾಜಿಯಾಯಿತು.