ಸೋತವರ ದಂಡ ತುಂಬಿದವರು ಯಾರು?

ಯುದ್ಧ ಮುಗಿದ ಮೇಲೆ ಗೆದ್ದವರು ಸೋತವರಿಂದ ವಸೂಲು ಮಾಡುವ ಹಣವೇ ಯುದ್ಧದಂಡ. ವರ್ಸೇಲ್ಸ್ ಒಪ್ಪಂದದ ಪಾಠ ನೆನಪಿರಬಹುದು. ಜರ್ಮನಿಯ ತಲೆಗೆ 1921ರಲ್ಲಿ 13,200 ಕೋಟಿ ಚಿನ್ನದ ಮಾರ್ಕ್ ಕಟ್ಟಿದರು. ಆದರೆ ಇದು ಹೇಗೆ ನಡೆಯುತ್ತದೆ ಎಂದು ತಿಳಿಯಲು ರಾಮದುರ್ಗ, ಕಿತ್ತೂರಿನವರು ಅಷ್ಟು ದೂರ ಹೋಗಬೇಕಿಲ್ಲ.

ನರಗುಂದದ ದೇಸಾಯಿಯಿಂದ ಟಿಪ್ಪು ಹೆಚ್ಚು ಪೇಶ್ಕಶ್, ಅಂದರೆ ಕಪ್ಪ, ಕೇಳಿದ. ಜಗಳ ಅಲ್ಲಿಂದ ಬೆಳೆಯಿತು. 1785ರಲ್ಲಿ ಅವನ ದಂಡು ನರಗುಂದ, ರಾಮದುರ್ಗ, ಕಿತ್ತೂರು ಹಿಡಿಯಿತು. ಮರಾಠರು, ನಿಜಾಮ ಸೇರಿ ತಿರುಗಿಬಿದ್ದರು. 1787ರ ಗಜೇಂದ್ರಗಡ ಒಪ್ಪಂದದಲ್ಲಿ ಟಿಪ್ಪುವಿಗೆ ಬಿದ್ದ ಹೊರೆ 48 ಲಕ್ಷ ರೂಪಾಯಿ. 32 ಲಕ್ಷ ಕೂಡಲೇ, ಉಳಿದದ್ದಕ್ಕೆ ಒಂದು ವರ್ಷದ ಗಡುವು. ಜೊತೆಗೆ ಕಿತ್ತೂರು, ನರಗುಂದ ಬಿಟ್ಟುಕೊಡಬೇಕು.

ನಿಜವಾದ ಪೆಟ್ಟು ಇಂಗ್ಲಿಷರು, ಮರಾಠರು, ನಿಜಾಮ ಸೇರಿ ಟಿಪ್ಪುವನ್ನು ಸೋಲಿಸಿದ ಮೇಲಿನ 1792ರ ಶ್ರೀರಂಗಪಟ್ಟಣ ಒಪ್ಪಂದದ್ದು. ದಂಡ 3 ಕೋಟಿ 30 ಲಕ್ಷ. ಅರ್ಧ ಆಗಲೇ, ಉಳಿದರ್ಧ ಮೂರು ಕಂತಿನಲ್ಲಿ. ಜಾಮೀನಿಗೆ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳು. ಮೇಲೆ ಅರ್ಧ ರಾಜ್ಯವೂ ಹೋಯಿತು. ಮರಾಠರ ಗಡಿ ತುಂಗಭದ್ರೆಯವರೆಗೆ ಇಳಿಯಿತು.

ಈ ಲೆಕ್ಕದ ಕ್ರೌರ್ಯ ಗಮನಿಸಿ. ಹತ್ತೆಕರೆ ಎರೆಹೊಲದವನಿಂದ ಐದೆಕರೆ ಕಿತ್ತುಕೊಂಡು, ಕಂತನ್ನು ಉಳಿದ ಐದೆಕರೆಯ ಜೋಳದಲ್ಲೇ ತುಂಬು ಎಂದ ಹಾಗೆ.

ಅರಸನ ಖಜಾನೆ ಇತ್ತಲ್ಲ ಎನ್ನುತ್ತೀರಾ? ಇತಿಹಾಸಕಾರ ವಿಲ್ಕ್ಸ್ ಹಂಚಿಕೆಯ ಲೆಕ್ಕ ಕೊಟ್ಟಿದ್ದಾನೆ. ಖಜಾನೆಯಿಂದ 1 ಕೋಟಿ 10 ಲಕ್ಷ. ಸೈನ್ಯದಿಂದ 60 ಲಕ್ಷ. ಉಳಿದ 1 ಕೋಟಿ 60 ಲಕ್ಷ ಅಧಿಕಾರಿಗಳು ಮತ್ತು ಪ್ರಜೆಗಳಿಂದ, ‘ನಜರಾಣೆ’ ಹೆಸರಿನಲ್ಲಿ. ನಜರಾಣೆ ಎಂದರೆ ಕಾಣಿಕೆ. ಬಲವಂತದ ವಸೂಲಿಗೆ ಎಂಥ ಮರ್ಯಾದೆಯ ಹೆಸರು! ದಂಡ ತೀರಿದ ಮೇಲೆ, ಜಾಮೀನಿಗಿದ್ದ ಮಕ್ಕಳು 1794ರಲ್ಲಿ ಮನೆಗೆ ಮರಳಿದರು.

ಹಾಗಾದರೆ ಕೈ ಬದಲಾದ ಊರುಗಳ ಹೊರೆ ಇಳಿಯಿತೇ? ಇಲ್ಲ, ಕಪ್ಪ ಎಣಿಸಿಕೊಳ್ಳುವ ಕೈ ಬದಲಾಯಿತು ಅಷ್ಟೆ. 1809ರಲ್ಲಿ ಕಿತ್ತೂರಿನ ದೊರೆ ಮಲ್ಲಸರ್ಜ ಮರಾಠರ ಪೇಶ್ವೆಗೆ ವರ್ಷಕ್ಕೆ 1,75,000 ರೂಪಾಯಿ ಕೊಡಲು ಒಪ್ಪಿದ. ಮೈಸೂರಿನ ದಂಡ ಎಷ್ಟು ದೊಡ್ಡದು ಎಂದು ಇದರಿಂದಲೇ ಅಳೆಯಬಹುದು: ಕಿತ್ತೂರಿನ 188 ವರ್ಷಕ್ಕೂ ಮಿಕ್ಕ ಕಪ್ಪ.

ಕಿತ್ತೂರಿನ ಪಾಲಿಗೆ ಒಪ್ಪಂದದ ಕಾಗದವೂ ಬರಲಿಲ್ಲ. ಪೇಶ್ವೆಯ ಜಾಗಕ್ಕೆ ಈಸ್ಟ್ ಇಂಡಿಯಾ ಕಂಪನಿ ಬಂದಿತ್ತು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕಾಳಗದಲ್ಲಿ ಕಂಪನಿಯ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಖಜಾನೆ, ಸಂಸ್ಥಾನ ಎರಡೂ ಕಂಪನಿಯ ಪಾಲಾದವು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡರು. ಹೊರೆ ಹೊಲಕ್ಕೆ ಇಳಿಯಿತು. ಸಂಗೊಳ್ಳಿ ರಾಯಣ್ಣನ ಮನೆತನದ್ದು ರಕ್ತಮಾನ್ಯ, ಅಂದರೆ ಕಾಳಗದ ಸೇವೆಗೆ ಸಿಕ್ಕ ಭೂಮಿ. ಅದರಲ್ಲಿ ಒಂದಿಷ್ಟು ಜಪ್ತಾಯಿತು, ಉಳಿದದ್ದಕ್ಕೆ ಕಂದಾಯ ಏರಿತು. 1830ರಲ್ಲಿ ಅವನ ದಂಡು ಬೀಡಿ ಊರಿನ ಸರ್ಕಾರಿ ಕಚೇರಿಗೆ ಬೆಂಕಿ ಇಟ್ಟಿತು. ಸುಟ್ಟದ್ದು ಕಂದಾಯದ ದಫ್ತರಗಳಿದ್ದ ಜಾಗ ಎಂಬುದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ.

ಕಣ್ಣಾರೆ ನೋಡುವುದಾದರೆ ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿ ಇದೆ. ಕಿತ್ತೂರಿನಲ್ಲಿ ಪಾಳುಬಿದ್ದ ಅರಮನೆಯ ಗೋಡೆಗಳಿವೆ, ಪಕ್ಕದಲ್ಲೇ ವಸ್ತುಸಂಗ್ರಹಾಲಯವಿದೆ.